ಬೇಸ್‌ಮೆಂಟ್ ನೆಲಕ್ಕೆ ಬಿಸಿ ಕೊಡುವ ಮುನ್ನ

ನೆಲದಡಿಯ ಹೀಟಿಂಗ್ ಬಗ್ಗೆ ವಿಚಾರಿಸಲು ಹೊರಟರೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ಕರೆಂಟಿನದ್ದಾ, ನೀರಿನದ್ದಾ? ನಾವೂ ಅಲ್ಲಿಂದಲೇ ಶುರು ಮಾಡಿದೆವು. ಸಾಮಾನು ತುಂಬಿಸಿಟ್ಟಿದ್ದ ಹಳೆಯ ಬೇಸ್‌ಮೆಂಟನ್ನು ಕೂರುವ, ಓದುವ, ಮಕ್ಕಳು ನೆಲದ ಮೇಲೆ ಆಡುವ ಜಾಗ ಮಾಡೋಣ ಅಂತ ತೀರ್ಮಾನವಾದ ಮೇಲೆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನೆಲದಡಿ ಕರೆಂಟಿನ ಕೇಬಲ್ ಹಾಕಿಸಿದರೆ ಕೆಲಸ ಸಲೀಸು. ಬಿಸಿನೀರಿನ ಪೈಪ್ ಹಾಕಿಸಿದರೆ ಮುಂದೆ ಬಿಲ್ಲು ಕಡಿಮೆ. ನಾನೂ ನನ್ನ ಹೆಂಡತಿಯೂ ಒಂದೊಂದು ಪಕ್ಷ ಹಿಡಿದು ವಾದ ಮಾಡಿದ್ದೂ ಆಯಿತು.

ಓದುತ್ತಾ ಹೋದ ಹಾಗೆ ಗೊತ್ತಾಗಿದ್ದು ಬೇರೆ. ಕೇಬಲ್ಲೋ ಪೈಪೋ ಅನ್ನುವುದು ಸಾಲಿನಲ್ಲಿ ಕೊನೆಯ ಪ್ರಶ್ನೆ. ಅದಕ್ಕಿಂತ ಮುಂಚೆ ಉತ್ತರ ಬೇಕಿರುವ ಪ್ರಶ್ನೆಗಳೆಲ್ಲ ನೆಲದ ಕೆಳಗಿವೆ. ನೀರು ಎಲ್ಲಿಂದ ಬರುತ್ತಿದೆ, ಕಾಂಕ್ರೀಟಿನ ಅಡಿಯಲ್ಲಿ ಏನಿದೆ, ತಲೆಯ ಮೇಲೆ ಎಷ್ಟು ಜಾಗ ಉಳಿಯುತ್ತದೆ. ಇವಕ್ಕೆ ಉತ್ತರ ಸಿಕ್ಕರೆ ಕೊನೆಯ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ನಮಗೆ ಹಾಗೇ ಆಯಿತು.

ಮೊದಲು ಒಂದು ಆಸೆಯನ್ನು ಸ್ವಲ್ಪ ತಗ್ಗಿಸಬೇಕು. ನೆಲ ಬಿಸಿ ಅಂದ ಕೂಡಲೇ ಕಾಲಿಟ್ಟರೆ ಹಿತವಾಗಿ ಸುಡುವ ಹಾಗಿರುತ್ತದೆ ಅಂತ ಅಂದುಕೊಳ್ಳುತ್ತೇವೆ. ಲೆಕ್ಕ ಹಾಗೆ ಹೇಳುವುದಿಲ್ಲ. ನೆಲದ ಮೇಲ್ಮೈ ಕೋಣೆಯ ಗಾಳಿಗಿಂತ 4 ಡಿಗ್ರಿ ಬೆಚ್ಚಗಿದ್ದರೆ ಸಾಕು, ಒಂದು ಚದರ ಮೀಟರಿನಿಂದ ಸುಮಾರು 40 ವ್ಯಾಟ್ ಶಾಖ ಮೇಲೆ ಬರುತ್ತದೆ. 9 ಡಿಗ್ರಿ ಜಾಸ್ತಿಯಿದ್ದರೆ ಸುಮಾರು 100 ವ್ಯಾಟ್. ಬೇಸ್‌ಮೆಂಟಿನ ಸುತ್ತ ಇರುವುದು ಮಣ್ಣು. ಹೊರಗಿನ ಗಾಳಿಯಷ್ಟು ಅದು ತಣ್ಣಗಾಗುವುದಿಲ್ಲ. ಕೆಲವು ಮೀಟರ್ ಆಳಕ್ಕೆ ಹೋದರೆ ಮಣ್ಣಿನ ಉಷ್ಣತೆ ಆ ಜಾಗದ ಇಡೀ ವರ್ಷದ ಸರಾಸರಿ ಉಷ್ಣತೆಯ ಹತ್ತಿರವೇ ನಿಂತಿರುತ್ತದೆ. ಹಾಗಾಗಿ ಗೋಡೆಗೆ, ನೆಲಕ್ಕೆ ಶಾಖ ಸೋರದಂತೆ ತಡೆಯುವ ಇನ್ಸುಲೇಷನ್ ಸರಿಯಾಗಿ ಹಾಕಿದ ಬೇಸ್‌ಮೆಂಟಿಗೆ ಕೊರೆಯುವ ಚಳಿಯಲ್ಲೂ ಚದರ ಮೀಟರಿಗೆ 40 ವ್ಯಾಟ್ ಸಾಕಾಗಬಹುದು. ನಮ್ಮ ಕೋಣೆಗೆ ಬಂದ ಲೆಕ್ಕವೂ ಅಷ್ಟೇ. ಅಂದರೆ ಕೋಣೆ 20 ಡಿಗ್ರಿ ಇದ್ದಾಗ ನೆಲ 24 ಡಿಗ್ರಿ. ನಮ್ಮ ಅಂಗಾಲು ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ. ಆದ್ದರಿಂದ ಆ ನೆಲ ಕಾಲಿಗೆ ಬಿಸಿ ಅನ್ನಿಸುವುದಿಲ್ಲ. ಚಳಿ ಅನ್ನಿಸುವುದಿಲ್ಲ, ಅಷ್ಟೇ.

ಇದರಲ್ಲೊಂದು ತಮಾಷೆಯಿದೆ. ಇನ್ಸುಲೇಷನ್ ಚೆನ್ನಾಗಿದ್ದಷ್ಟೂ ನೆಲ ಕಡಿಮೆ ಬೆಚ್ಚಗಿರುತ್ತದೆ, ಯಾಕೆಂದರೆ ಕೋಣೆಗೆ ಅಷ್ಟು ಶಾಖ ಬೇಕಾಗಿಯೇ ಇಲ್ಲ. ಶಾಖ ಸೋರಿಹೋಗುವ ಮನೆಯಲ್ಲಿ ಮಾತ್ರ ನೆಲ ನಿಜವಾಗಿ ಬಿಸಿಯಾಗಿರುತ್ತದೆ. ಯುರೋಪಿನ ಇಎನ್ 1264 ಮಾನದಂಡ ಜನ ಓಡಾಡುವ ಜಾಗದಲ್ಲಿ ನೆಲ 29 ಡಿಗ್ರಿ ದಾಟಬಾರದು ಅನ್ನುತ್ತದೆ. ಬಚ್ಚಲಿಗೆ 33, ಹೊರಗೋಡೆಯ ಪಕ್ಕದ ಪಟ್ಟಿಗೆ 35. ಆ ಮಿತಿಯ ತನಕ ನೆಲವನ್ನು ಕಾಯಿಸಬೇಕಾದ ಪರಿಸ್ಥಿತಿ ಬಂದರೆ ದುಡ್ಡನ್ನು ಪೈಪಿಗೆ ಹಾಕುವ ಬದಲು ಇನ್ಸುಲೇಷನ್‌ಗೆ ಹಾಕುವುದೇ ಸರಿ ಅಂತ ನನ್ನ ಅನಿಸಿಕೆ.

"ರೀ, ಬಿಸಿ ಆಮೇಲೆ ನೋಡಿದ್ರಾಯ್ತು. ಮೊದಲು ನೆಲ ಒಣಗಿದ್ಯಾ ನೋಡಿ" ಅಂದಿದ್ದು ನನ್ನ ಹೆಂಡತಿ. ಮಳೆಗಾಲ ಮುಗಿದ ಮೇಲೂ ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ಮುಗ್ಗಲು ವಾಸನೆ ಇರುತ್ತಿತ್ತು. ರಟ್ಟಿನ ಡಬ್ಬಗಳ ತಳ ಮೆತ್ತಗಾಗುತ್ತಿತ್ತು. ಇದನ್ನು ಕಂಡುಹಿಡಿಯಲು ದುಬಾರಿ ಉಪಕರಣವೇನೂ ಬೇಡ. ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲಿಟ್ಟು ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪ್ ಹಚ್ಚಬೇಕು. ಕನಿಷ್ಠ 16 ಗಂಟೆ ಬಿಟ್ಟು ನೋಡಬೇಕು. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಏರುತ್ತಿದೆ. ಹಾಳೆಯ ಮೇಲ್ಗಡೆ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯಲ್ಲಿದ್ದ ತೇವ. ಎರಡೂ ಬೇರೆ ಬೇರೆ ರೋಗ. ಔಷಧಿಯೂ ಬೇರೆ.

ನಮ್ಮಲ್ಲಿ ಹಾಳೆಯ ಅಡಿಯೇ ಒದ್ದೆಯಾಗಿತ್ತು. ಇದು ಗೊತ್ತಿಲ್ಲದೆ ಮೇಲೆ ಚಂದದ ನೆಲ ಹಾಸಿ ಬಿಸಿ ಕೊಟ್ಟರೆ ಏನಾಗುತ್ತದೆ? ಕಾಂಕ್ರೀಟಿನಲ್ಲಿರುವ ತೇವ ಆವಿಯಾಗಿ ಮೇಲೆ ಬರಲು ನೋಡುತ್ತದೆ. ಮರದ ಹಲಗೆ ಇದ್ದರೆ ಉಬ್ಬುತ್ತದೆ. ವಿನೈಲ್ ಇದ್ದರೆ ಅದರ ಅಂಟು ಬಿಡುತ್ತದೆ. ಬಿಸಿ ನೆಲ ತೇವವನ್ನು ಒಣಗಿಸಿಬಿಡುತ್ತದೆ ಅನ್ನುವವರೂ ಇದ್ದಾರೆ. ಮಣ್ಣಿನಿಂದ ದಿನವೂ ಬರುವ ನೀರನ್ನು ಒಣಗಿಸುತ್ತಾ ಕೂತರೆ ಬಿಲ್ಲು ಕಟ್ಟುವವರು ಯಾರು?

ಬೇಸ್‌ಮೆಂಟಿಗೆ ಬರುವ ನೀರು ಎಷ್ಟೋ ಸಲ ಪಾತಾಳದಿಂದ ಬಂದದ್ದಲ್ಲ, ಮಾಡಿನಿಂದ ಬಂದದ್ದು. 100 ಚದರ ಮೀಟರ್ ಮಾಡಿನ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2,500 ಲೀಟರ್ ನೀರು. ಆ ನೀರನ್ನೆಲ್ಲ ಇಳಿಪೈಪು ಗೋಡೆಯ ಬುಡದಲ್ಲೇ ಸುರಿದರೆ ಅದು ಹೋಗುವುದಾದರೂ ಎಲ್ಲಿಗೆ? ಇಳಿಪೈಪನ್ನು ಗೋಡೆಯಿಂದ ದೂರಕ್ಕೆ ಒಯ್ಯುವುದು, ಮನೆಯ ಸುತ್ತಲಿನ ಮಣ್ಣು ಮೊದಲ ಮೂರು ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರಾದರೂ ಹೊರಕ್ಕೆ ಇಳಿಜಾರಾಗಿರುವ ಹಾಗೆ ಮಾಡುವುದು, ಇವೆರಡು ಇಡೀ ಕೆಲಸದಲ್ಲೇ ಅತಿ ಅಗ್ಗದ ಭಾಗ. ಮೊದಲು ಅದನ್ನು ಮುಗಿಸಿದೆವು. ತೇವ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಬೇಸಿಗೆಯ ಕಥೆ ಬೇರೆಯೇ. ಬೇಸ್‌ಮೆಂಟ್ ಚಳಿಗಾಲದಲ್ಲಿ ತೊಂದರೆ ಕೊಡುತ್ತದೆ ಅಂತ ನಾವು ಹೀಟಿಂಗ್ ಬಗ್ಗೆ ಯೋಚಿಸುತ್ತೇವೆ. ಮುಗ್ಗಲು ವಾಸನೆ ಜೋರಾಗುವುದು ಮಾತ್ರ ಸೆಖೆ ಇರುವ ದಿನಗಳಲ್ಲಿ. 28 ಡಿಗ್ರಿ ಉಷ್ಣತೆಯ, 60 ಶೇಕಡ ತೇವಾಂಶದ ಗಾಳಿ ಸುಮಾರು 19 ಡಿಗ್ರಿಗೆ ತಣಿದರೆ ಸಾಕು, ನೀರು ಬಿಡಲು ಶುರು ಮಾಡುತ್ತದೆ. ಮಣ್ಣಿಗೆ ಅಂಟಿಕೊಂಡ ಬರಿಯ ಸ್ಲ್ಯಾಬ್, ಅಂದರೆ ನೆಲದ ಕಾಂಕ್ರೀಟ್ ಹಾಸು, ಬೇಸಿಗೆಯಲ್ಲೂ 15–16 ಡಿಗ್ರಿ ಇರಬಹುದು. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವ ಹಾಗೆ ನೆಲವೂ ಬೆವರುತ್ತದೆ. ಗಾಳಿ ಆಡಲಿ ಅಂತ ಕಿಟಕಿ ತೆಗೆದರೆ ಇನ್ನೂ ಕೆಟ್ಟದು. ಆಗ ಹೀಟಿಂಗ್ ಆಫ್ ಆಗಿರುತ್ತದೆ, ಅದರಿಂದ ಏನೂ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಸ್ಲ್ಯಾಬಿನ ಅಡಿಯ ಇನ್ಸುಲೇಷನ್. ಅದು ನೆಲವನ್ನು ತಣ್ಣನೆಯ ಮಣ್ಣಿನಿಂದ ಬಿಡಿಸುತ್ತದೆ, ನೆಲ ಕೋಣೆಯ ಉಷ್ಣತೆಗೆ ಹತ್ತಿರವಾಗುತ್ತದೆ, ಬೆವರು ನಿಲ್ಲುತ್ತದೆ. ಜೊತೆಗೆ ಗಾಳಿಯ ತೇವ ಹೀರುವ ಒಂದು ಡಿಹ್ಯುಮಿಡಿಫೈಯರ್ ಬೇಕೇ ಬೇಕು. ಚಳಿಗೆ ಅಂತ ಹಾಕಿಸುವ ಇನ್ಸುಲೇಷನ್ ಬೇಸಿಗೆಯಲ್ಲೂ ಇಷ್ಟು ಕೆಲಸ ಮಾಡುತ್ತದೆ ಅಂತ ನಮಗೆ ಯಾವ ಸೇಲ್ಸ್‌ಮನ್ನೂ ಹೇಳಲಿಲ್ಲ.

ಈಗ ಎತ್ತರದ ವಿಷಯ. ನಮ್ಮ ತಲೆ ಹೆಚ್ಚು ಕೆಟ್ಟಿದ್ದು ಇಲ್ಲಿಯೇ.

ಹಳೆಯ ಸ್ಲ್ಯಾಬನ್ನು ಹಾಗೇ ಬಿಟ್ಟು ಅದರ ಮೇಲೆ ಕಟ್ಟುತ್ತಾ ಹೋದರೆ ಹೀಗಾಗುತ್ತದೆ. 50 ಮಿಲಿಮೀಟರ್ ಎಕ್ಸ್‌ಪಿಎಸ್ ಹಲಗೆ, ಅಂದರೆ ನೀರು ಹೀರದ ಗಟ್ಟಿ ಫೋಮ್. ಅದರ ಮೇಲೆ ಪೈಪು, ಪೈಪು ಮುಚ್ಚಲು 65 ಮಿಲಿಮೀಟರ್ ಸಿಮೆಂಟು ಮರಳಿನ ಗಾರೆ, ಇದಕ್ಕೆ ಸ್ಕ್ರೀಡ್ ಅನ್ನುತ್ತಾರೆ. ಅದರ ಮೇಲೆ ಅಂಟು, ಟೈಲು ಸೇರಿ 15. ಒಟ್ಟು 13 ಸೆಂಟಿಮೀಟರ್. ಬೇಸ್‌ಮೆಂಟಿನಲ್ಲಿ ಅದು ಸಣ್ಣ ಮಾತಲ್ಲ. ನಮ್ಮ ಚಾವಣಿಯ ಅಡಿ ಒಂದು ತೊಲೆ ಹಾದುಹೋಗುತ್ತದೆ, ಅದರ ಪಕ್ಕದಲ್ಲಿ ಗಾಳಿಯ ಡಕ್ಟ್. ನಾನು ಅದರ ಕೆಳಗೆ ಆರಾಮಾಗಿ ನಡೆಯುತ್ತೇನೆ. ನನಗಿಂತ ಉದ್ದ ಇರುವ ಬಾಮೈದ ಈಗಲೇ ತಲೆ ತಗ್ಗಿಸುತ್ತಾನೆ. ಇನ್ನು 13 ಸೆಂಟಿಮೀಟರ್ ಏರಿಸಿದರೆ ಅವನನ್ನು ಕೂರಿಸಿಯೇ ಮಾತಾಡಿಸಬೇಕು.

ಮೆಟ್ಟಿಲಿನ ವಿಷಯ ಇನ್ನೂ ಕಷ್ಟದ್ದು, ಅದನ್ನು ಮೊದಲೇ ಯೋಚಿಸುವವರು ಕಡಿಮೆ. ಮೆಟ್ಟಿಲುಗಳು ಒಂದೊಂದೂ ಸುಮಾರು 19 ಸೆಂಟಿಮೀಟರ್ ಎತ್ತರವಿವೆ ಅಂದುಕೊಳ್ಳಿ. ನೆಲ 13 ಏರಿದರೆ ಕೊನೆಯ ಮೆಟ್ಟಿಲು ಬರೀ 6 ಸೆಂಟಿಮೀಟರ್ ಆಗಿಬಿಡುತ್ತದೆ. ಇಳಿಯುವಾಗ ಕಾಲಿಗೆ ಒಂದೇ ಲಯ ಅಭ್ಯಾಸವಾಗಿರುತ್ತದೆ. ಕೊನೆಯಲ್ಲಿ ನೆಲ ಬೇಗ ಸಿಕ್ಕಿದರೆ ಮುಗ್ಗರಿಸುವುದು ಗ್ಯಾರಂಟಿ. ಅಮೆರಿಕದ ಮನೆಗಳಿಗೆ ಮಾದರಿಯಾಗಿರುವ ಐಆರ್‌ಸಿ ನಿಯಮದಲ್ಲಿ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 9.5 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತಿದೆ. ಅದು ಸುಮ್ನೆ ಬರೆದ ನಿಯಮವಲ್ಲ. ಅಂದರೆ ನೆಲ ಏರಿಸಿದರೆ ಇಡೀ ಮೆಟ್ಟಿಲು ಕಿತ್ತು ಹೊಸದಾಗಿ ಕಟ್ಟಬೇಕು. ಬಾಗಿಲುಗಳ ಅಡಿ ಕತ್ತರಿಸುವುದು ಅದರ ಮುಂದೆ ಏನೂ ಅಲ್ಲ.

ತೆಳ್ಳಗಿನ ವ್ಯವಸ್ಥೆಗಳೂ ಇವೆ. ತೋಡು ಕೊರೆದ 20–25 ಮಿಲಿಮೀಟರ್ ಫೋಮ್ ಹಲಗೆ, ಅದರಲ್ಲಿ ಅಲ್ಯೂಮಿನಿಯಂ ತಗಡು, ತೋಡಿನಲ್ಲಿ ಸಣ್ಣ ಪೈಪು. ಸ್ಕ್ರೀಡ್ ಬೇಡ, ಒಣಗಲು ಕಾಯುವುದೂ ಬೇಡ. ಮೇಲಿನ ಮಹಡಿಯ ಕೋಣೆಗೆ ಇದು ಬಹಳ ಒಳ್ಳೆಯದು, ಅಲ್ಲಿ ಕೆಳಗೆ ಇನ್ನೊಂದು ಬೆಚ್ಚಗಿನ ಕೋಣೆಯಿರುತ್ತದೆ. ಬೇಸ್‌ಮೆಂಟಿನಲ್ಲಿ ಕೆಳಗಿರುವುದು ಮಣ್ಣು. 20 ಮಿಲಿಮೀಟರ್ ಫೋಮ್ ಕೆಳಗಿಳಿಯುವ ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮ ಎತ್ತರದ ಚಿಂತೆ ಕಡಿಮೆಯಾಗುತ್ತಿತ್ತು, ತೇವದ ಚಿಂತೆ ಹಾಗೇ ಉಳಿಯುತ್ತಿತ್ತು.

ಎಲ್ಲ ದಾರಿಯೂ ಒಂದೇ ಕಡೆ ತೋರಿಸತೊಡಗಿತು. ಹಳೆಯ ಸ್ಲ್ಯಾಬು ಒಡೆದು ತೆಗೆಯಬೇಕು.

ಕೇಳಲು ಭಯವಾಗುತ್ತದೆ ಅಲ್ವಾ? ನಮಗೂ ಆಯಿತು. ಒಂದು ಮೂಲೆಯಲ್ಲಿ ಪರೀಕ್ಷೆಗೆ ಅಂತ ಗುಂಡಿ ತೋಡಿಸಿ ನೋಡಿದಾಗ ಭಯ ಸ್ವಲ್ಪ ಕಡಿಮೆಯಾಯಿತು. ಹಳೆಯ ಸ್ಲ್ಯಾಬ್ ಎಂಟು ಸೆಂಟಿಮೀಟರ್ ಕೂಡ ದಪ್ಪವಿರಲಿಲ್ಲ. ಅಡಿಯಲ್ಲಿ ಜಲ್ಲಿ ಇಲ್ಲ, ಪ್ಲಾಸ್ಟಿಕ್ ಹಾಳೆ ಇಲ್ಲ, ನೇರ ಮಣ್ಣು. ತೇವ ಏರದೆ ಇನ್ನೇನು ಮಾಡೀತು? ಗುಂಡಿ ತೋಡಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಗೋಡೆಯ ಅಡಿಪಾಯ ಎಷ್ಟು ಆಳಕ್ಕೆ ಹೋಗಿದೆ ಅನ್ನುವುದು ಗೊತ್ತಾಗದೆ ಒಂದು ಬುಟ್ಟಿ ಮಣ್ಣೂ ತೆಗೆಯಬಾರದು. ಅಡಿಪಾಯದ ತಳಕ್ಕಿಂತ ಕೆಳಗೆ ಅಗೆದರೆ ಅದು ಕೂತಿರುವ ಮಣ್ಣೇ ಜಾರಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ನಮಗೆ ಬೇಕಾದ 29 ಸೆಂಟಿಮೀಟರಿಗೆ ಅಡ್ಡಿಯಿಲ್ಲ ಅಂದರು. ಆದರೆ ಒಂದು ಷರತ್ತು ಹಾಕಿದರು. ಸ್ಲ್ಯಾಬನ್ನು ಒಂದೇ ಸಲಕ್ಕೆ ಒಡೆಯುವ ಹಾಗಿಲ್ಲ, ಪಟ್ಟಿ ಪಟ್ಟಿಯಾಗಿ ತೆಗೆಯಬೇಕು. ಹೊರಗಿನ ಮಣ್ಣು ಗೋಡೆಯನ್ನು ಸದಾ ಒಳಕ್ಕೆ ತಳ್ಳುತ್ತಿರುತ್ತದೆ. ಗೋಡೆಯ ಬುಡಕ್ಕೆ ಒಳಗಿನಿಂದ ಆಸರೆ ಕೊಡುತ್ತಿರುವುದು ಆ ಬಡಕಲು ಸ್ಲ್ಯಾಬೇ. ಇಂಥ ಒಂದು ಮಾತಿಗಾಗಿಯಾದರೂ ಎಂಜಿನಿಯರಿಗೆ ಕೊಡುವ ಫೀಸು ದಂಡವಲ್ಲ.

ನೆಲ ತೆರೆದ ಮೇಲೆ ಎಷ್ಟೊಂದು ವಿಷಯ ಒಟ್ಟಿಗೆ ಸರಿಹೋಗುತ್ತದೆ! ತಳಕ್ಕೆ 10 ಸೆಂಟಿಮೀಟರ್ ತೊಳೆದ ಜಲ್ಲಿ. ಅದರೊಳಗೆ ಸುತ್ತಲೂ ತೂತಿನ ಪೈಪು, ಅದು ನೀರನ್ನು ಪಂಪಿನಿಂದ ಹೊರಹಾಕುವ ಸಂಪ್ ಗುಂಡಿಗೆ ಸೇರುತ್ತದೆ. ಜಲ್ಲಿಯ ಮೇಲೆ 75 ಮಿಲಿಮೀಟರ್ ಎಕ್ಸ್‌ಪಿಎಸ್. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಸಂದುಗಳಿಗೆಲ್ಲ ಟೇಪ್. ಗೋಡೆಯ ಅಂಚಿಗೆ ನಿಲ್ಲಿಸಿದ ಫೋಮ್ ಪಟ್ಟಿ. ಇದನ್ನು ಮರೆಯಬಾರದು, ಬಿಸಿ ಸ್ಲ್ಯಾಬಿನಿಂದ ಶಾಖ ಗೋಡೆಗೆ ಸೋರುವುದು ಅಂಚಿನಲ್ಲೇ, ಕಾಂಕ್ರೀಟ್ ಹಿಗ್ಗಲು ಜಾಗ ಬೇಕಿರುವುದೂ ಅಲ್ಲೇ. ಆಮೇಲೆ ಕಬ್ಬಿಣದ ಜಾಲಿ, ಜಾಲಿಗೆ ಕಟ್ಟಿದ ಹೀಟಿಂಗ್ ಪೈಪು, ಅದನ್ನು ಮುಚ್ಚುವ 10 ಸೆಂಟಿಮೀಟರ್ ಕಾಂಕ್ರೀಟ್. ಮೇಲೆ ಟೈಲು. ಲೆಕ್ಕ ಹಾಕಿದರೆ ಹೊಸ ನೆಲ ಹಳೆಯ ನೆಲದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಮೆಟ್ಟಿಲು ಮುಟ್ಟಬೇಕಾಗಿಲ್ಲ, ಬಾಮೈದನಿಗೂ ತೊಂದರೆಯಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಪೈಪನ್ನೂ ಇಡಿಸಿದೆವು, ಅದು ರೇಡಾನ್‌ಗೆ. ಮಣ್ಣು, ಬಂಡೆಗಳಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹೋದಾಗ ಹುಟ್ಟುವ ವಿಕಿರಣಶೀಲ ಅನಿಲ ಇದು. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕುಗಳಿಂದ ಒಳಗೆ ಬಂದು ಮನೆಯ ತಗ್ಗಿನ ಜಾಗದಲ್ಲೇ ಜಾಸ್ತಿ ಸೇರುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಗಳಿಗೆ ಒಂದು ಘನ ಮೀಟರ್ ಗಾಳಿಗೆ 100 ಬೆಕರೆಲ್ (ವಿಕಿರಣ ಅಳೆಯುವ ಮಾನ) ಅನ್ನುವ ಮಟ್ಟವನ್ನು ಸೂಚಿಸಿತು. ಜಲ್ಲಿಯೊಳಗಿಂದ ಒಂದು ಪೈಪನ್ನು ಮಾಡಿನ ಮೇಲಕ್ಕೆ ಒಯ್ದುಬಿಟ್ಟರೆ ಅನಿಲ ಕೋಣೆಗೆ ಬರುವ ಬದಲು ಅಲ್ಲಿಂದ ಹೊರಗೆ ಹೋಗುತ್ತದೆ. ಮುಂದೆ ಅಳೆದು ನೋಡಿದಾಗ ಮಟ್ಟ ಜಾಸ್ತಿಯಿದ್ದರೆ ಅದಕ್ಕೆ ಒಂದು ಫ್ಯಾನ್ ಜೋಡಿಸಿದರಾಯಿತು. ನೆಲ ತೆರೆದಿರುವಾಗ ಇದು ಚಿಲ್ಲರೆ ಖರ್ಚು. ಹೀಟಿಂಗ್ ಪೈಪಿರುವ ಸ್ಲ್ಯಾಬಿಗೆ ಆಮೇಲೆ ತೂತು ಕೊರೆಯುವ ಧೈರ್ಯ ಯಾರಿಗಿದೆ?

ಇಷ್ಟಾದ ಮೇಲೆ ಕರೆಂಟೋ ನೀರೋ ಅನ್ನುವ ವಾದದಲ್ಲಿ ಸತ್ವವೇ ಉಳಿಯಲಿಲ್ಲ. ಹೇಗೂ ಕಾಂಕ್ರೀಟ್ ಹಾಕುತ್ತಿದ್ದೇವೆ, ಅದರೊಳಗೆ ಪೈಪು ಕಟ್ಟುವುದು ಹೆಚ್ಚಿನ ಕೆಲಸವೇನಲ್ಲ. ಹಾಗಂತ ಕೇಬಲ್ಲನ್ನು ಕಡೆಗಣಿಸುವ ಹಾಗಿಲ್ಲ. ಸ್ಲ್ಯಾಬು ಒಣಗಿದ್ದು, ಎತ್ತರ ಕಡಿಮೆಯಿದ್ದು, ಕೋಣೆಯನ್ನು ಅಪರೂಪಕ್ಕೆ ಬಳಸುವವರಾದರೆ ನಾನೇ ಕೇಬಲ್ ಹಾಕಿಸಿ ಅನ್ನುತ್ತೇನೆ. ಕೇಬಲ್ ಮ್ಯಾಟ್ ದಪ್ಪ ಕೆಲವೇ ಮಿಲಿಮೀಟರ್. ಇನ್ಸುಲೇಷನ್ ಹಲಗೆಯ ಮೇಲೆ, ಟೈಲಿನ ಅಡಿ ಹಾಕಿದರೆ ಬೇಗ ಬೆಚ್ಚಗಾಗುತ್ತದೆ. ಬಾಯ್ಲರ್ ಬೇಡ, ಪಂಪು ಬೇಡ. ಒಂದು ಸಣ್ಣ ಬಚ್ಚಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನೆಲಕ್ಕೆ ತಾಗಿ ಕೂರುವ ಕಪಾಟಿನ ಅಡಿ ಮಾತ್ರ ಹಾಯಿಸಬಾರದು, ಶಾಖ ಹೊರಬರಲಾಗದೆ ಅಲ್ಲೇ ಕೂಡಿಕೊಳ್ಳುತ್ತದೆ. ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಡಿ ಇಲ್ಲದೆ ಹಾಕಿಸಲೂಬಾರದು. ತೊಂದರೆಯಿರುವುದು ದೊಡ್ಡ ಕೋಣೆಯನ್ನು ಚಳಿಗಾಲವಿಡೀ ಬೆಚ್ಚಗಿಡಬೇಕಾದಾಗ. ಕೇಬಲ್ಲಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಸಿಗುತ್ತದೆ. ಅದೇ ಕರೆಂಟನ್ನು ಹೊರಗಿನ ಗಾಳಿಯಿಂದಲೋ ಮಣ್ಣಿನಿಂದಲೋ ಶಾಖ ಎಳೆದು ತರುವ ಹೀಟ್ ಪಂಪಿಗೆ ಕೊಟ್ಟರೆ ಮೂರು, ಕೆಲವೊಮ್ಮೆ ನಾಲ್ಕು ಯೂನಿಟ್ ಶಾಖ ಸಿಗಬಹುದು. ನೀರನ್ನು ಎಷ್ಟು ಕಡಿಮೆ ಕಾಯಿಸಿದರೆ ನಡೆಯುತ್ತದೋ ಹೀಟ್ ಪಂಪಿಗೆ ಅಷ್ಟು ಸುಲಭ. ನೆಲದ ಪೈಪಿಗೆ 30–40 ಡಿಗ್ರಿ ನೀರು ಸಾಕು. ಬಿಸಿನೀರಿನಿಂದ ಕೋಣೆ ಬೆಚ್ಚಗಿಡುವ ಹಳೆಯ ರೇಡಿಯೇಟರುಗಳಿಗೆ 60–70 ಬೇಕಾಗುತ್ತಿತ್ತು.

ನಮ್ಮಲ್ಲಿ ಸದ್ಯಕ್ಕೆ ಇರುವುದು ಹಳೆಯ ಬಾಯ್ಲರೇ. ಅದು ರೇಡಿಯೇಟರುಗಳಿಗೆ ಕೊಡುವ ಬಿಸಿ ನೀರನ್ನು ನೇರ ನೆಲಕ್ಕೆ ಬಿಡುವ ಹಾಗಿಲ್ಲ. ನೆಲದಿಂದ ವಾಪಸ್ ಬಂದ ತಣ್ಣಗಿನ ನೀರನ್ನು ಅದಕ್ಕೆ ಬೆರೆಸುವ ಮಿಕ್ಸಿಂಗ್ ವಾಲ್ವ್ ಬೇಕು. ಮುಂದೊಂದು ದಿನ ಬಾಯ್ಲರ್ ಕೈಕೊಟ್ಟಾಗ ಹೀಟ್ ಪಂಪ್ ಬರುತ್ತದೆ, ಆಗ ನೆಲವನ್ನು ಮುಟ್ಟಬೇಕಿಲ್ಲ.

"ಕಾಂಕ್ರೀಟಿನೊಳಗೆ ಪೈಪು ಒಡೆದರೆ ಏನ್ರೀ ಮಾಡೋದು?" ಅನ್ನುವ ಪ್ರಶ್ನೆ ಮನೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. ಕೊರಿಯಾದ ಒಂಡೋಲ್ ಮನೆಗಳಲ್ಲಿ ಒಲೆಯ ಹೊಗೆ ನೆಲದ ಕಲ್ಲಿನಡಿ ಹಾದುಹೋಗುತ್ತಿತ್ತು. ಆ ಬಗೆಯ ಕೋಣೆಯನ್ನು ಜಪಾನಿನಲ್ಲಿ ಕಂಡು ಮೆಚ್ಚಿದ್ದ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, 1937ರಲ್ಲಿ ಮ್ಯಾಡಿಸನ್ ನಗರದಲ್ಲಿ ಕಟ್ಟಿದ ಜೇಕಬ್ಸ್ ಮನೆಯಲ್ಲಿ ಸ್ಲ್ಯಾಬಿನ ಅಡಿ ಪೈಪು ಹಾಕಿಸಿದರು. 1947ರ ನಂತರ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನಿನಲ್ಲಿ ಸಾವಿರಾರು ಮನೆಗಳ ಸ್ಲ್ಯಾಬಿನೊಳಗೆ ತಾಮ್ರದ ಪೈಪು ಹುದುಗಿಸಿದರು. ವರ್ಷಗಳು ಕಳೆದಂತೆ ಅಲ್ಲಿ ಪೈಪುಗಳು ಸೋರತೊಡಗಿದವು. ಲೋಹ ಸವೆಯುತ್ತದೆ, ಕಾಂಕ್ರೀಟ್ ಸ್ವಲ್ಪ ಅಲುಗಿದರೂ ಬೆಸುಗೆ ಬಿಡುತ್ತದೆ. ನೆಲದ ಹೀಟಿಂಗಿಗೆ ಕೆಟ್ಟ ಹೆಸರು ಅಂಟಿಕೊಂಡಿದ್ದರಲ್ಲಿ ಆ ತಾಮ್ರದ ಪಾಲೂ ಇದೆ. ಇಂದು ಹಾಕುವುದು ಪೆಕ್ಸ್, ಅಂದರೆ ಅಣುಗಳನ್ನು ಒಂದಕ್ಕೊಂದು ಹೆಣೆದ ಪಾಲಿಥೀನ್. ಬಾಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸುರುಳಿಯಿಂದ ಬಿಚ್ಚಿ ಒಂದೇ ತುಂಡಾಗಿ ಹಾಸಬಹುದು. ಕಾಂಕ್ರೀಟಿನೊಳಗೆ ಒಂದೂ ಜಾಯಿಂಟ್ ಇರಬಾರದು. ನಾನು ಕಂಟ್ರಾಕ್ಟರ್ ಹತ್ತಿರ ಬರೆಸಿಕೊಂಡ ಒಂದೇ ಒಂದು ಷರತ್ತು ಇದು.

ಪೆಕ್ಸ್ ಕೊಳ್ಳುವಾಗ ಆಕ್ಸಿಜನ್ ತಡೆಯುವ ಪದರ ಇದೆಯಾ ಅಂತ ಕೇಳಬೇಕು. ಬರೀ ಪ್ಲಾಸ್ಟಿಕ್ಕಿನ ಮೂಲಕ ಆಕ್ಸಿಜನ್ ನಿಧಾನವಾಗಿ ನೀರಿಗೆ ಸೇರುತ್ತದೆ. ಪೈಪಿಗೆ ಏನೂ ಆಗುವುದಿಲ್ಲ, ಆದರೆ ಅತ್ತ ಪಂಪು, ಬಾಯ್ಲರಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಇನ್ನು ಉದ್ದ. 16 ಮಿಲಿಮೀಟರ್ ಪೈಪಿನ ಒಂದು ಸುತ್ತು 100 ಮೀಟರ್ ಒಳಗೇ ಇರಲಿ ಅನ್ನುತ್ತಾರೆ, ಜಾಸ್ತಿಯಾದರೆ ಪಂಪಿಗೆ ಭಾರ. 15 ಸೆಂಟಿಮೀಟರಿಗೊಂದು ಸಾಲು ಹಾಸಿದರೆ ಒಂದು ಚದರ ಮೀಟರಿಗೆ ಏಳು ಮೀಟರಿನ ಹತ್ತಿರ ಪೈಪು ಬೇಕು. ನಮ್ಮ 40 ಚದರ ಮೀಟರಿಗೆ ಮೂರು ಸುತ್ತು.

ಕಾಂಕ್ರೀಟ್ ಹಾಕುವ ಮುಂಚೆ ಪೈಪಿಗೆ ಒತ್ತಡ ತುಂಬಿಸಿ, ಗೇಜ್ ಹಾಗೇ ಬಿಟ್ಟು ಕಾಂಕ್ರೀಟ್ ಸುರಿಯಬೇಕು. ಯಾರಾದರೂ ಸಲಿಕೆಯಲ್ಲಿ ಗೀರಿದರೆ ಮುಳ್ಳು ತಕ್ಷಣ ಬೀಳುತ್ತದೆ, ಕಾಂಕ್ರೀಟ್ ಹಸಿಯಿರುವಾಗಲೇ ಸರಿಮಾಡಬಹುದು. ಅದಕ್ಕೂ ಮುಂಚೆ ಪಕ್ಕದಲ್ಲಿ ಅಳತೆ ಟೇಪು ಹಿಡಿದು ನೆಲದ ಪ್ರತಿ ಮೂಲೆಯ ಫೋಟೊ ತೆಗೆದಿಡಬೇಕು. ನನ್ನ ಹೆಂಡತಿ ಗೋಡೆಯಿಂದ ಪ್ರತಿ ಪೈಪಿಗೆ ಎಷ್ಟು ದೂರ ಅಂತ ಅಳತೆ ಬರೆದು ನಕ್ಷೆಯನ್ನೇ ಮಾಡಿಟ್ಟಳು. ಒಳಗೋಡೆಗಳ ಕೆಳಪಟ್ಟಿಗೆ ಮೊಳೆ ಹೊಡೆಯುವಾಗ ಅದು ಉಪಯೋಗಕ್ಕೆ ಬಂತು.

ಆಮೇಲೆ ಕಾಯುವ ಕೆಲಸ. ಟೈಲು ಹಾಕಿ ಕೂಡಲೇ ಬಿಸಿ ಕೊಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಸಿಮೆಂಟಿನ ಸ್ಕ್ರೀಡಿಗೆ ಕನಿಷ್ಠ 21 ದಿನ ಬಿಟ್ಟು, ಮೊದಲ ಮೂರು ದಿನ 20–25 ಡಿಗ್ರಿ ನೀರು, ಆಮೇಲೆ ನಾಲ್ಕು ದಿನ ಪೂರ್ತಿ ಬಿಸಿ ನೀರು ಹರಿಸಿ ನೋಡಬೇಕು ಅಂತ ಇಎನ್ 1264 ಹೇಳುತ್ತದೆ. ಟೈಲು ಅದಾದ ಮೇಲೆ. ನಮ್ಮದು ಪೂರ್ತಿ ಸ್ಲ್ಯಾಬ್ ಆಗಿದ್ದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಬಿಟ್ಟೆವು. ಅವಸರ ಮಾಡಿದರೆ ಕಾಂಕ್ರೀಟ್ ಬಿರುಕು ಬಿಡುತ್ತದೆ, ಬಿರುಕು ಟೈಲಿಗೂ ಏರುತ್ತದೆ.

ಟೈಲು ಯಾಕೆ ಅಂದರೆ, ಅದು ಶಾಖವನ್ನು ತಡೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ನೀರು ನುಗ್ಗಿದರೂ ಒರೆಸಿಬಿಡಬಹುದು. ಬೇಸ್‌ಮೆಂಟಿಗೆ ಒಂದಲ್ಲ ಒಂದು ದಿನ ನೀರು ನುಗ್ಗುತ್ತದೆ ಅಂತಲೇ ಲೆಕ್ಕ ಹಾಕಬೇಕು. ವಾಷಿಂಗ್ ಮೆಷಿನ್ನಿನ ಒಂದು ಹೋಸ್ ಬಿಟ್ಟುಹೋದರೂ ಸಾಕು. ಮರ ಬೇಕೇ ಬೇಕು ಅನ್ನುವವರು ಪದರ ಪದರವಾಗಿ ಒತ್ತಿದ ಎಂಜಿನಿಯರ್ಡ್ ಹಲಗೆ ಹಾಕಿಸಬಹುದು. ಅದರ ಮೇಲ್ಮೈ 27 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು. ಅಖಂಡ ಮರ ಬೇಸ್‌ಮೆಂಟಿಗೆ ಬೇಡ. ದಪ್ಪ ಕಾರ್ಪೆಟ್ ಹಾಸುವುದಾದರೆ ಇಷ್ಟೆಲ್ಲ ಯಾಕೆ ಮಾಡಿಸಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಈ ನೆಲದ ಜೊತೆ ಬಾಳುವುದಕ್ಕೂ ಒಂದು ರೀತಿಯಿದೆ. 10 ಸೆಂಟಿಮೀಟರ್ ಕಾಂಕ್ರೀಟ್ ಅಂದರೆ ಚದರ ಮೀಟರಿಗೆ ಸುಮಾರು 240 ಕಿಲೋ. 40 ಚದರ ಮೀಟರಿನ ಸ್ಲ್ಯಾಬನ್ನು 4 ಡಿಗ್ರಿ ಏರಿಸಲು ಹತ್ತಿರ ಹತ್ತು ಯೂನಿಟ್ ಶಾಖ ಬೇಕು. ಅಷ್ಟು ಶಾಖ ಒಳಗೆ ಸೇರಲು ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಸಂಜೆ ಕೆಳಗೆ ಹೋಗಿ ಕೂರೋಣ ಅಂತ ಸಂಜೆ ಸ್ವಿಚ್ ಒತ್ತಿದರೆ ನೆಲ ಬೆಚ್ಚಗಾಗುವ ಹೊತ್ತಿಗೆ ಮಲಗುವ ಹೊತ್ತಾಗಿರುತ್ತದೆ. ರಾತ್ರಿ ಆಫ್, ಬೆಳಿಗ್ಗೆ ಆನ್ ಅನ್ನುವ ಆಟ ಇಲ್ಲಿ ನಡೆಯುವುದಿಲ್ಲ. ಚಳಿಗಾಲ ಶುರುವಾದಾಗ ಹಚ್ಚಿ ಹಾಗೇ ಬಿಡುವುದು. ಹೊರಗಿನ ಉಷ್ಣತೆ ನೋಡಿಕೊಂಡು ನೀರಿನ ಬಿಸಿಯನ್ನು ತಾನೇ ಏರಿಸಿ ಇಳಿಸುವ ಕಂಟ್ರೋಲರ್ ಹಾಕಿಸಿದ್ದೇವೆ, ಅದನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಮೇಲಿನ ಮಹಡಿಯಲ್ಲಿ ಇಂಥ ನಿಧಾನದ ನೆಲ ಕಿರಿಕಿರಿ ಮಾಡುತ್ತದೆ. ದೊಡ್ಡ ಕಿಟಕಿಯಿಂದ ಬಿಸಿಲು ಬಿದ್ದಾಗ ಕೋಣೆ ಸೆಖೆಯಾದರೂ ನೆಲ ಶಾಖ ಬಿಡುತ್ತಲೇ ಇರುತ್ತದೆ. ಬೇಸ್‌ಮೆಂಟಿನಲ್ಲಿ ಬಿಸಿಲೂ ಇಲ್ಲ, ಹೊರಗಿನ ಏರಿಳಿತವೂ ಅಷ್ಟಾಗಿ ತಟ್ಟುವುದಿಲ್ಲ. ನಿಧಾನದ ನೆಲಕ್ಕೆ ನಿಧಾನದ ಕೋಣೆ ಸರಿಹೊಂದುತ್ತದೆ.

ಹೀಟ್ ಪಂಪ್ ಬಂದ ಮೇಲೆ ಬೇಸಿಗೆಯಲ್ಲಿ ಇದೇ ಪೈಪಿನಲ್ಲಿ ತಣ್ಣೀರು ಹರಿಸಿ ಕೋಣೆ ತಂಪು ಮಾಡಬಹುದಲ್ಲ ಅಂತ ಬಾಮೈದ ಕೇಳಿದ. ಮೇಲಿನ ಮಹಡಿಗೆ ಹಾಗೆ ಮಾಡುವವರೂ ಇದ್ದಾರೆ. ಇಲ್ಲಿ ಬೇಡ ಅಂದೆ. ಬೆವರದ ನೆಲಕ್ಕಾಗಿ ಇಷ್ಟೆಲ್ಲ ಅಗೆಸಿ ಕೈಯಾರೆ ಅದನ್ನು ತಣ್ಣಗೆ ಮಾಡುವುದರಲ್ಲಿ ಅರ್ಥವಿಲ್ಲ. ಬೇಸಿಗೆಗೆ ಡಿಹ್ಯುಮಿಡಿಫೈಯರ್ ಇದೆ. ಅದರ ಗುಂಯ್ ಸದ್ದಿಗೆ ಮಾತ್ರ ಇನ್ನೂ ಒಂದು ದಾರಿ ಹುಡುಕಬೇಕು.